ಸೆಕೆಂಡ್ ಹ್ಯಾಂಡ್ ಬೋಟ್ ತಗೊಂಡ್ರ ಕಂಪನಿ ವಾರಂಟಿ ನಮ್ಮ ಹೆಸರಿಗೆ ಬರ್ತದೇನ್ರಿ?

ಹಿನ್ನೀರು_ಬಾಗಲಕೋಟಿ
ಆಲಮಟ್ಟಿ ಹಿನ್ನೀರಿನಾಗ ಓಡಸಾಕ ಒಂದು ಬೋಟ್ ನೋಡೇವ್ರಿ. 17 ಫೂಟಿನ ಎಫ್‌ಆರ್‌ಪಿ (ಫೈಬರ್) ಹಲ್, ಅಂದ್ರ ಬೋಟಿನ ಮೈ, ಹಿಂದ ಹೊರಗ ಹಚ್ಚೂ 40 ಎಚ್‌ಪಿ ಫೋರ್ ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್. ಮಾಲು ಕರಾವಳಿ ಕಡೆ ಐತಿ. ಎಂಜಿನ್ ಶೋರೂಮಿನಿಂದ ಹೊರಬಿದ್ದು 14 ತಿಂಗಳಾಗೇತಿ. ಮಾರಾವ್ರು "ವಾರಂಟಿ 3 ವರ್ಷ, ಇನ್ನೂ 22 ತಿಂಗಳು ಬಾಕಿ ಐತಿ, ಬುಕ್ ಕೈಗೆ ಕೊಡ್ತೀನಿ, ಮುಗೀತು" ಅಂತಾರ. ಆ ಮಾತಿನ ಮ್ಯಾಲೆ 40,000 ಜಾಸ್ತಿ ಕೇಳಾಕತ್ತಾರ. ಬಿಲ್ ಮಾತ್ರ ಅವರ ಹೆಸರಿನಾಗಿಲ್ಲ, ಒಂದು ರೆಸಾರ್ಟಿನ ಹೆಸರಿನಾಗೈತಿ.

ಬುಕ್ ಕೈಗೆ ಬಂದ್ರ ವಾರಂಟಿ ಬಂದಂಗನ? ಹೆಸರು ಬದಲಿ ಮಾಡಸೂದು ಎಲ್ಲಿ? 40,000 ಕೊಡೂದು ಬರೋಬ್ಬರಿನ? ಬ್ರಾಂಡ್ ಹೆಸರು ಈಗ ಬ್ಯಾಡ್ರಿ, ಮಾತುಕತಿ ಇನ್ನ ನಡದೈತಿ.

ನಿಡಗುಂದಿ_ಹುಡುಗ
ವಾರಂಟಿ ಎಂಜಿನ್ನಿಗೆ ಇರ್ತದ, ಮನಶ್ಯಾಗಲ್ಲ. ಸೀರಿಯಲ್ ನಂಬರ್ ಇದ್ರ ಯಾರ ಒಯ್ದ್ರೂ ಮಾಡಿಕೊಡ್ತಾರ. ಆರಾಮ ತಗೋರಿ.

ಪಾನಾ_ಇಕ್ಕಳ
ನಿಡಗುಂದಿಯವ್ರ, ಈ ಮಾತಿಗೇ ಮಂದಿ ರೊಕ್ಕ ಕಳಕೊಳ್ಳೂದು. ಸೀರಿಯಲ್ ನಂಬರ್ ಹಾಕಿದ ಕೂಡಲೆ ಡೀಲರ್ ಕಂಪ್ಯೂಟರಿನಾಗ ಎಂಜಿನ್ ಕಾಣ್ತೈತಿ, ಖರೆ. ಅದರ ಜೋಡಿ ಯಾರ ಹೆಸರಿಗೆ ನೋಂದಣಿ, ಯಾವ ಬಳಕಿಗೆ ನೋಂದಣಿ, ಅದೂ ಕಾಣ್ತೈತಿ. ಕ್ಲೇಮ್ ಹೋಗೂದು ಆ ಎರಡು ಕಾಲಮ್ ನೋಡಿ.

ಮದಲ ಒಂದು ಮಾತು. "ಬೋಟಿನ ವಾರಂಟಿ" ಅನ್ನೂದು ಒಂದು ಕಾಗದ ಅಲ್ಲ. ಹಲ್ ಕಟ್ಟಿದ ಯಾರ್ಡಿಂದು ಒಂದು, ಎಂಜಿನ್ ಕಂಪನಿದು ಇನ್ನೊಂದು. ಬ್ಯಾಟರಿ, ಫಿಶ್ ಫೈಂಡರ್, ಸ್ಟೀರಿಂಗ್ ಕೇಬಲ್ ಇವಕ್ಕೆಲ್ಲಾ ತಮ್ಮ ತಮ್ಮ ಕಾರ್ಡ್. ಒಂದನ್ನ ಬದಲಿ ಮಾಡಿಸಿದ್ರ ಉಳಿದದ್ದು ತಾನ ಬರಂಗಿಲ್ಲ. ಮಾರಾವ್ರು 22 ತಿಂಗಳು ಅಂತಾರಲ್ಲ, ಅದು ಬರೇ ಎಂಜಿನ್ ಲೆಕ್ಕ.

ಇನ್ನ ರೆಸಾರ್ಟ್ ಬಿಲ್. ನಿಮ್ಮ ಪೋಸ್ಟಿನಾಗ ಎಲ್ಲಾಕ್ಕಿಂತ ದೊಡ್ಡ ಗಂಟು ಅದ. ಔಟ್‌ಬೋರ್ಡ್ ಕಂಪನಿಗಳು ಸ್ವಂತ ಮೋಜಿಗೆ ಓಡಸೂದಕ್ಕ ಒಂದು ಅವಧಿ, ದುಡಿಮಿಗೆ ಓಡಸೂದಕ್ಕ ಇನ್ನೊಂದು ಅವಧಿ ಇಟ್ಟಿರ್ತಾವ. ಎರಡನೇದು ಸಾಮಾನ್ಯವಾಗಿ ಸಣ್ಣದು. ಅಮೆರಿಕದಾಗ ಯಮಹಾದ್ದ ತಗೋರಿ: ಸ್ವಂತ ಬಳಕಿಗೆ 3 ವರ್ಷ, ವಾಣಿಜ್ಯ ಬಳಕಿಗೆ 1 ವರ್ಷ. ರೆಸಾರ್ಟಿನವ್ರು ಗಿರಾಕಿ ಕೂಡಿಸಿ ಓಡಿಸಿದ್ದು ದುಡಿಮಿ. ನಿಮ್ಮ ಎಂಜಿನ್ 1 ವರ್ಷದ ಖಾನೆಯೊಳಗ ನೋಂದಣಿ ಆಗಿದ್ರ ಎರಡು ತಿಂಗಳ ಹಿಂದ ಮುಗದೈತಿ. ಅಂಥಾದ್ದಕ್ಕ 40,000 ಕೊಡ್ತೀರಿ?

ಗುಮ್ಮಟ_586101
ಹ್ವಾದು. ಮತ್ತ ಮಾರಾವ್ರು ಎರಡನೇ ಮಾಲಕರಲ್ರೀ? ರೆಸಾರ್ಟಿಂದ ಅವರ ಹೆಸರಿಗೇ ಬದಲಿ ಆಗಿಲ್ಲ ಅಂದ್ರ ನಿಮ್ಮ ಹೆಸರಿಗೆ ಹ್ಯಾಂಗ ಆಗ್ತದ? ನಡಕಿನ ಕೊಂಡಿನ ಇಲ್ಲ.

ನಿಡಗುಂದಿ_ಹುಡುಗ
ರೆಸಾರ್ಟ್ ಬಿಲ್ ಇದ್ರೂ ನಾ ಮನಿ ಬಳಕಿಗೆ ತಗೊಂಡೆ ಅಂತ ಬರಕೊಟ್ರ ಮುಂದಿಂದು 3 ವರ್ಷದ ಲೆಕ್ಕಕ್ಕ ಬರೂದಿಲ್ಲೇನ್ರಿ? ಈಗ ಓಡಸಾಂವ ಬ್ಯಾರೆ ಅಲ್ಲ?

ಕಡಲಕರೆ
ಬರುವುದಿಲ್ಲ. ಮರ್ಕ್ಯುರಿ ಎಂಬ ಇನ್ನೊಂದು ಔಟ್‌ಬೋರ್ಡ್ ಕಂಪನಿಯ ವಾರಂಟಿ ಪುಸ್ತಕದಲ್ಲಿ ಇದಕ್ಕೆ ಸೀದಾ ಉತ್ತರ ಉಂಟು: ಉಳಿದ ಅವಧಿ ಮೋಜಿನ ಬಳಕೆಯ ಒಬ್ಬ ಗಿರಾಕಿಯಿಂದ ಮೋಜಿನ ಬಳಕೆಯ ಇನ್ನೊಬ್ಬನಿಗೆ ಮಾತ್ರ ಹೋಗುತ್ತದೆ, ಅದೂ ಮರುನೋಂದಣಿ ಮಾಡಿದ ಮೇಲೆ. ವಾಣಿಜ್ಯ ಗಿರಾಕಿಯಿಂದಲೂ ಹೋಗುವುದಿಲ್ಲ, ವಾಣಿಜ್ಯ ಗಿರಾಕಿಗೂ ಹೋಗುವುದಿಲ್ಲ. ಎರಡೂ ಕಡೆ ಬಾಗಿಲು ಬಂದ್.

ಅದೇ ಪುಸ್ತಕದಲ್ಲಿ ಇನ್ನೊಂದು ಸಾಲು ಉಂಟು, ಯಾರೂ ಓದುವುದಿಲ್ಲ. ಸಾಲ ಕಟ್ಟದೆ ಜಪ್ತಿ ಆದ ಮಾಲು, ಹರಾಜಿನಲ್ಲಿ ಕೊಂಡದ್ದು, ಗುಜರಿ ಯಾರ್ಡಿನಿಂದ ತಂದದ್ದು, ವಿಮೆ ಕಂಪನಿ ಕ್ಲೇಮ್ ಕೊಟ್ಟು ವಶಪಡಿಸಿಕೊಂಡು ಮಾರಿದ್ದು, ಇವಕ್ಕೆ ವಾರಂಟಿಯನ್ನು ರದ್ದು ಮಾಡಬಹುದು. ಬ್ಯಾಂಕ್ ಹರಾಜಿನಲ್ಲಿ ಹೊಸ ಎಂಜಿನ್ ಅಗ್ಗಕ್ಕೆ ಸಿಕ್ಕಿತು ಎಂದು ಹಾರುವವರು ಇದನ್ನು ನೆನಪಿಡಬೇಕು.

ಹಿಡಕಲ್_ಗಾಳ
ಯಮಹಾಕ್ಕ 10 ದಿನದೊಳಗ ಮಾಡಸಬೇಕಂತ ಎಲ್ಲೋ ಓದಿದ್ದೆ. ಅಷ್ಟ ದಿನ ಏನ್ರಿ?

ಕಡಲಕರೆ
ಆ 10 ದಿನ ಅಮೆರಿಕದ ಪುಸ್ತಕದ್ದು. ಅಲ್ಲಿ ಮಾಲೀಕತ್ವ ಬದಲಾದ 10 ದಿನದೊಳಗೆ ಅಧಿಕೃತ ಡೀಲರ್ ಎಂಜಿನ್ ತಪಾಸಣೆ ಮಾಡಿ ಹೊಸ ಹೆಸರಿಗೆ ನೋಂದಣಿ ಮಾಡಬೇಕು, ಶುಲ್ಕವೂ ಉಂಟು. ಅದನ್ನು ಇಲ್ಲಿಯ ಎಂಜಿನ್ನಿಗೆ ಹಾಗೆಯೇ ಅಂಟಿಸಬೇಡಿ. ಎಂಜಿನ್ ಯಾವ ದೇಶದಲ್ಲಿ ಮಾರಾಟವಾಯಿತೋ ಆ ದೇಶದ ಪುಸ್ತಕ ನಡೆಯುತ್ತದೆ. ಎಂಜಿನ್ನಿನ ಜೊತೆ ಬಂದ ಪುಸ್ತಕದ ಹಿಂಬದಿ ಪುಟಗಳಲ್ಲಿ ವರ್ಗಾವಣೆ ಎಂಬ ಶೀರ್ಷಿಕೆ ಹುಡುಕಿ, ಅಲ್ಲಿ ಏನು ಅಚ್ಚಾಗಿದೆಯೋ ಅದು ನಿಮ್ಮ ಗಡುವು. ದುಬೈಯಿಂದ ಯಾರೋ ಕಂಟೇನರಿನಲ್ಲಿ ತಂದ ಎಂಜಿನ್ ಆದರೆ ಇಲ್ಲಿಯ ಡೀಲರ್ ಕೈ ಅಲ್ಲಾಡಿಸಿಬಿಡಬಹುದು.

ಪಾನಾ_ಇಕ್ಕಳ
ಗಡುವು 10 ಇರ್ಲಿ 30 ಇರ್ಲಿ, ಕರಾವಳಿಯಿಂದ ಬಾಗಲಕೋಟಿಗೆ ಒಯ್ದು, ಪೂಜಿ ಮಾಡಿ, ನೀರಿಗಿಳಿಸಿ, ಆಮ್ಯಾಲೆ ಡೀಲರಿಗೆ ಫೋನ್ ಹಚ್ಚಿದ್ರ ಆಗಂಗಿಲ್ಲ. ನಮ್ಮ ಮೂರೂ ಜಿಲ್ಲೆದಾಗ ಔಟ್‌ಬೋರ್ಡ್ ಕೆಲಸ ಗೊತ್ತಿದ್ದಾಂವನ್ನ ಹುಡುಕೂದ ಕಷ್ಟ. ಬೋಟ್ ಅಲ್ಲೇ ದಂಡಿ ಮ್ಯಾಲೆ ಇರೂವಾಗ ಅಲ್ಲಿಯ ಅಧಿಕೃತ ವರ್ಕ್‌ಶಾಪಿನಾಗ ತಪಾಸಣಿ ಮುಗಿಸ್ರಿ.

ಬೆಳಗಾವಿ_ಬಿಲ್‌ಬುಕ್
ಕ್ರಮ ಹೇಳ್ತೀನಿ, ಇದನ್ನ ಹಿಂದ ಮುಂದ ಮಾಡಬ್ಯಾಡ್ರಿ. ಅಡ್ವಾನ್ಸ್ ಕೊಡೂಕಿಂತ ಮದಲ ಎಂಜಿನ್ ಸೀರಿಯಲ್ ಪ್ಲೇಟಿನ ಫೋಟೋ, ಹಲ್ ನಂಬರಿನ ಫೋಟೋ, ಮೂಲ ಜಿಎಸ್‌ಟಿ ಬಿಲ್, ಸರ್ವಿಸ್ ಬುಕ್ಕಿನ ಎಲ್ಲಾ ಪುಟ ತರಿಸ್ಕೋರಿ. ವಾಟ್ಸಾಪಿನಾಗ ಬಂದ್ರೂ ನಡೀತೈತಿ, ಮಸುಕ ಇರಬಾರದು ಅಷ್ಟ. ಆಮ್ಯಾಲೆ ಕಂಪನಿಯ ಗ್ರಾಹಕ ವಿಭಾಗಕ್ಕೂ ಬಿಲ್ ಮಾಡಿದ ಡೀಲರಿಗೂ ಒಂದ ಇ-ಮೇಲ್ ಹಾಕ್ರಿ. ಫೋನಿನ ಮ್ಯಾಲೆ ಕೇಳಬ್ಯಾಡ್ರಿ. ಫೋನಿನಾಗ "ಆಗ್ತೈತ್ರಿ ಸರ್" ಅಂದಾಂವ ಕ್ಲೇಮ್ ಹೊತ್ತಿಗೆ ಆ ಕೆಲಸದಾಗ ಇರಂಗಿಲ್ಲ.

ಇ-ಮೇಲಿನಾಗ ಇಷ್ಟ ಬರೀರಿ:

"ಈ ಸೀರಿಯಲ್ ನಂಬರಿನ ಎಂಜಿನ್ ಖರೀದಿ ಮಾಡುವವನಿದ್ದೇನೆ. ವಾರಂಟಿ ಶುರುವಾದ ದಿನಾಂಕ ಮತ್ತು ಮುಗಿಯುವ ದಿನಾಂಕ ಯಾವುದು? ನೋಂದಣಿ ಯಾರ ಹೆಸರಿಗೆ, ಸ್ವಂತ ಬಳಕೆಗೋ ವಾಣಿಜ್ಯ ಬಳಕೆಗೋ? ಈವರೆಗೆ ಆದ ಕ್ಲೇಮ್‌ಗಳು, ತಿರಸ್ಕಾರವಾದ ಕ್ಲೇಮ್‌ಗಳು, ಬಾಕಿ ಇರುವ ರೀಕಾಲ್ (ಕಂಪನಿಯೇ ದೋಷ ಒಪ್ಪಿ ಸರಿಪಡಿಸಿಕೊಡುವುದು) ಯಾವುವು? ಉಳಿದ ಅವಧಿ ನನ್ನ ಹೆಸರಿಗೆ ವರ್ಗಾವಣೆ ಆಗುತ್ತದೆಯೇ? ಫಾರಂ, ತಪಾಸಣೆ, ಶುಲ್ಕ, ಗಡುವು ಏನು? ವಿಸ್ತರಿತ ವಾರಂಟಿ ಇದ್ದರೆ ಅದರ ವರ್ಗಾವಣೆಗೆ ಬೇರೆ ಅರ್ಜಿ ಬೇಕೇ?"

ನೋಂದಣಿ ಹೆಸರು ಹೇಳಾಕ ಆಗಂಗಿಲ್ಲ ಅಂತ ಕಂಪನಿಯವ್ರು ಅಂದ್ರ ಮಾರಾವರ ಒಪ್ಪಿಗಿ ಪತ್ರ ಹಚ್ಚ್ರಿ. ಆ ಪತ್ರ ಕೊಡಾಕ ಅವರು ಹಿಂದ ಮುಂದ ನೋಡಿದ್ರ ಅಲ್ಲಿಗೇ ನಿಮಗ ಉತ್ತರ ಸಿಕ್ತು.

ಉತ್ತರ ಬಂದ ಮ್ಯಾಲೆ ಕರಾರು ಪತ್ರ. ಇ-ಸ್ಟಾಂಪ್ ಮ್ಯಾಲೆ ಹಲ್ ನಂಬರ್, ಎಂಜಿನ್ ಸೀರಿಯಲ್, ಮಾಡೆಲ್ ಕೋಡ್, ಮೀಟರಿನ ತಾಸು (ಎಂಜಿನ್ ಒಟ್ಟು ಎಷ್ಟು ತಾಸು ಓಡೈತಿ ಅನ್ನೂದು), ವಶಕ್ಕ ಕೊಟ್ಟ ತಾರೀಖು ಬರಬೇಕು. ಹಲ್ಲಿಗೆ ಎಷ್ಟು, ಎಂಜಿನ್ನಿಗೆ ಎಷ್ಟು ಅಂತ ರೇಟ್ ಬ್ಯಾರೆ ಬ್ಯಾರೆ ಬರಸ್ರಿ. "ಬೋಟ್ ಮತ್ತು ಸಾಮಾನು" ಅಂತ ಒಂದ ಮೊತ್ತ ಬರದ್ರ ಮುಂದ ಎಂಜಿನ್ ಎಷ್ಟಕ್ಕ ತಗೊಂಡ್ರಿ ಅನ್ನೂದಕ್ಕ ಕಾಗದ ಉಳಿಯಂಗಿಲ್ಲ. ಮಾರಾವರ ಹಿಂದಿನ ಖರೀದಿ ಕರಾರಿನ ಪ್ರತೀನೂ ಇರಲಿ. ರೆಸಾರ್ಟಿಂದ ಅವರಿಗೆ, ಅವರಿಂದ ನಿಮಗ, ಸರಪಳಿ ಪೂರ್ತಿ ಆಗಬೇಕು. ಸಾಲದ ಮ್ಯಾಲೆ ತಗೊಂಡಿದ್ರ ಬ್ಯಾಂಕಿನ ನಿರಾಕ್ಷೇಪಣಾ ಪತ್ರ, ಸಬ್ಸಿಡಿ ಬೋಟ್ ಇದ್ರ ಆ ಆದೇಶದಾಗ ಮಾರಬಾರದು ಅನ್ನೂ ಷರತ್ತು ಐತೇನ್ ನೋಡ್ರಿ.

ಕಡೀಕ ವರ್ಗಾವಣಿ ಫಾರಂ, ಇಬ್ಬರದೂ ಸಹಿ, ಗುರುತಿನ ಚೀಟಿ. ಅಲ್ಲಿಗೂ ಮುಗೀಲಿಲ್ಲ. ನಿಮ್ಮ ಹೆಸರು, ಮುಗಿಯೂ ತಾರೀಖು ಇರೋ ದೃಢೀಕರಣ ಕಂಪನಿಯಿಂದ ವಾಪಸ್ ಬರಬೇಕು. ಫಾರಂ ಕೊಟ್ಟೀನಿ ಅನ್ನೂದು ವರ್ಗಾವಣಿ ಅಲ್ಲ.

ಗುಮ್ಮಟ_586101
ಹೆಸರು ಬದಲಾದ ದಿನದಿಂದ 3 ವರ್ಷ ಹೊಸದಾಗಿ ಶುರು ಆಗ್ತದ ಅಂತ ತಿಳಕೊಂಡಾವ್ರೂ ಇರ್ತಾರ. ಹಂಗಿಲ್ಲ. ಮದಲ ಮಾರಾಟದ ತಾರೀಖು ಇಲ್ಲಾ ಮದಲ ಸಲ ಬಳಸಿದ ತಾರೀಖು, ಯಾವ್ದು ಮದಲೋ ಅಲ್ಲಿಂದ ಗಡಿಯಾರ ಓಡ್ತದ. ಕರಾವಳಿಯಾಗ ಜೂನ್ 1 ರಿಂದ ಜುಲೈ 31 ರ ತನಕ ಮೀನುಗಾರಿಕಿ ಬಂದ್ ಇರ್ತದಲ್ಲ, ಬೋಟ್ ದಂಡಿ ಮ್ಯಾಲೆ ಮಲಗಿದ್ರೂ ವಾರಂಟಿ ಮಲಗೂದಿಲ್ಲ.

ಘಟಪ್ರಭಾ_ದಂಡಿ
ಸೀರಿಯಲ್ ನಂಬರ್ ಎಲ್ಲಿರ್ತೈತ್ರಿ? ಮ್ಯಾಲಿನ ಕವರ್ ಮ್ಯಾಲಿನ ಸ್ಟಿಕ್ಕರಿನಾಗ?

ಪಾನಾ_ಇಕ್ಕಳ
ಕವರ್ ಸ್ಟಿಕ್ಕರ್ ನಂಬಬ್ಯಾಡ್ರಿ. ಕವರ್ ಬದಲಿ ಮಾಡೂದು ಎರಡ ನಿಮಿಷದ ಕೆಲಸ. 25 ಎಚ್‌ಪಿ ಮ್ಯಾಲೆ 40 ರ ಕವರ್ ಕೂತಿದ್ದೂ ಇರ್ತಾವ. ಖರೆ ಪ್ಲೇಟ್ ಇರೂದು ಎಂಜಿನ್ನನ್ನ ಟ್ರಾನ್ಸಮ್ಮಿಗೆ, ಅಂದ್ರ ಬೋಟಿನ ಹಿಂದಿನ ಗ್ವಾಡಿಗೆ, ಹಿಡಿಯೂ ಬ್ರಾಕೆಟ್ ಮ್ಯಾಲೆ. ಯಮಹಾದಾಗ ಎಡಗಡೆ, ಮರ್ಕ್ಯುರಿದಾಗ ಬಲಗಡೆ ನೋಡ್ರಿ. ಮರ್ಕ್ಯುರಿ ಬ್ಲಾಕ್ ಮ್ಯಾಲೂ ಅದ ನಂಬರ್ ಒತ್ತಿರ್ತೈತಿ, ಎರಡೂ ತಾಳೆ ಆಗಬೇಕು. ಬ್ರಾಕೆಟ್ ಪ್ಲೇಟ್ ಕೆರೆದಿದ್ರ, ರಿವಿಟ್ ಹೊಸದು ಕಂಡ್ರ, ಅಂಥಾ ಎಂಜಿನ್ ವಾರಂಟಿ ಬಗ್ಗೆ ವಿಚಾರನ ಬಿಡ್ರಿ. ಕಳವಿನ ಮಾಲೂ ಇರಬಹುದು.

ಕಡಲಕರೆ
ಹಲ್ ನಂಬರಿನದ್ದೂ ಹೇಳಿಬಿಡುತ್ತೇನೆ. ಅಂತಾರಾಷ್ಟ್ರೀಯ ಮಾನಕ ಐಎಸ್‌ಒ 10087 ಪ್ರಕಾರ ಕಟ್ಟಿದ ಬೋಟಿಗೆ ಹಿಂಬದಿ ಟ್ರಾನ್ಸಮ್ಮಿನ ಬಲಮೂಲೆಯಲ್ಲಿ, ಮೇಲ್ಭಾಗದಲ್ಲಿ 14 ಅಕ್ಷರ-ಅಂಕಿಗಳು ಇರುತ್ತವೆ. ಮೊದಲ ಎರಡು ದೇಶ, ನಂತರ ಮೂರು ಕಟ್ಟಿದವರ ಸಂಕೇತ, ಐದು ಕ್ರಮಸಂಖ್ಯೆ, ಒಂದು ಅಕ್ಷರ ತಿಂಗಳು, ಒಂದು ಅಂಕಿ ಕಟ್ಟಿದ ವರ್ಷದ ಕೊನೆಯ ಅಂಕಿ, ಕೊನೆಯ ಎರಡು ಮಾಡೆಲ್ ವರ್ಷ. ತಿಂಗಳು ಎ ಅಂದರೆ ಜನವರಿ, ಎಲ್ ಅಂದರೆ ಡಿಸೆಂಬರ್. ಮಾರುವವರು ಕಳೆದ ವರ್ಷದ ಬೋಟ್ ಎಂದರೆ ಆ ಕೊನೆಯ ನಾಲ್ಕನ್ನು ಓದಿ, ಸುಳ್ಳು ಅಲ್ಲಿಯೇ ಸಿಕ್ಕಿಬೀಳುತ್ತದೆ. ಸಣ್ಣ ಯಾರ್ಡಿನ ಬೋಟಿನಲ್ಲಿ ಈ ನಂಬರ್ ಇರಲೇಬೇಕೆಂದಿಲ್ಲ, ಆಗ ಯಾರ್ಡಿನ ಬಿಲ್ಲಿನಲ್ಲಿರುವ ನಂಬರೇ ಗತಿ.

ದೊಡ್ಡ ಕಂಪನಿಗಳು ಹಲ್ಲಿನ ರಚನೆಗೆ 5 ವರ್ಷ, 10 ವರ್ಷ ಅಂತೆಲ್ಲ ಕೊಡುತ್ತವೆ, ಆದರೆ ಜೆಲ್‌ಕೋಟ್ (ಫೈಬರಿನ ಹೊರ ಹೊಳಪು ಪದರ) ಗುಳ್ಳೆಗೆ, ಬಣ್ಣ ಮಾಸುವುದಕ್ಕೆ ಬೇರೆ ಸಣ್ಣ ಅವಧಿ. ಎರಡನೇ ಮಾಲೀಕನಿಗೆ ಒಂದು ಸಲ ಮಾತ್ರ ವರ್ಗಾವಣೆ ಎನ್ನುವ ಷರತ್ತು ಸಾಮಾನ್ಯ. ನೀವು ಮೂರನೆಯವರು.

ಹಿನ್ನೀರು_ಬಾಗಲಕೋಟಿ
ಯಾರ್ಡ್ ಸಣ್ಣದ ಐತ್ರಿ. ಬಿಲ್ಲಿನಾಗ "ಸೋರಿಕೆಗೆ 1 ವರ್ಷ" ಅಂತ ಪೆನ್ನಿಲೆ ಬರದಾರ.

ಪಾನಾ_ಇಕ್ಕಳ
ಅದು ಮುಗದೈತಿ, ಬಿಡ್ರಿ. ಹಲ್ಲಿಗೆ ವಾರಂಟಿಗಿಂತ ರಬ್ಬರ್ ಸುತ್ತಿಗಿ ಛಲೋ. ಟ್ರಾನ್ಸಮ್ ಪೂರ್ತಿ ಬಡೀತ ಹೋಗ್ರಿ. ಗಟ್ಟಿ ಟಣ್ ಅಂತ ಬಂದ್ರ ಒಳಗಿನ ಪ್ಲೈವುಡ್ ಆರೋಗ್ಯ. ಒಂದು ಕಡೆ ಡಬ್ ಡಬ್ ಅಂತ ಸತ್ತ ಸಪ್ಪಳ ಬಂದ್ರ ನೀರು ಕುಡದೈತಿ. ಎಂಜಿನ್ ಬೋಲ್ಟಿನ ತೂತು, ಫಿಶ್ ಫೈಂಡರ್ ಸ್ಕ್ರೂ ತೂತು, ತಳದ ಡ್ರೈನ್ ಪ್ಲಗ್ ಸುತ್ತಮುತ್ತ ಮದಲ ಬಡೀರಿ, ನೀರು ಒಳಗ ಹೊಕ್ಕೂದು ಅಲ್ಲಿಂದನ. ಎಂಜಿನ್ ಕೆಳಗಿನ ಕಾಲು ಹಿಡದು ಮ್ಯಾಲೆ ಕೆಳಗ ಅಲ್ಲಾಡಸ್ರಿ, ಟ್ರಾನ್ಸಮ್ ಬಾಗಿದ್ರ ವ್ಯಾಪಾರ ಬ್ಯಾಡ.

ನಿಡಗುಂದಿ_ಹುಡುಗ
ಸರ್ವಿಸ್ ಬುಕ್ಕಿನಾಗ ಸೀಲ್ ಇರದಿದ್ರ? ಊರಾಗ ಮೆಕ್ಯಾನಿಕ್ ಕಡೆ ಆಯಿಲ್ ಬದಲಿ ಮಾಡಸ್ತಾರ ಮಂದಿ. ಕಾರಿನ ಆಯಿಲ್ ಹಾಕಿದ್ರೂ ಎಂಜಿನ್ ಓಡ್ತದಲ್ಲ?

ಪಾನಾ_ಇಕ್ಕಳ
ಓಡ್ತೈತಿ. ಕ್ಲೇಮ್ ಓಡಂಗಿಲ್ಲ. ಫೋರ್ ಸ್ಟ್ರೋಕ್ ಔಟ್‌ಬೋರ್ಡಿಗೆ ಎಫ್‌ಸಿ-ಡಬ್ಲ್ಯೂ ಮುದ್ರೆ ಇರೋ ಆಯಿಲ್, ಸಾಮಾನ್ಯವಾಗಿ 10ಡಬ್ಲ್ಯೂ-30. ಟೂ ಸ್ಟ್ರೋಕಿಗೆ ಟಿಸಿ-ಡಬ್ಲ್ಯೂ3. ಕಾರಿನ ಆಯಿಲಿಗೆ ತುಕ್ಕು ತಡಿಯೂ ಆ ಪರೀಕ್ಷಾ ಆಗಿರಂಗಿಲ್ಲ. ಬ್ಲಾಕ್ ಒಳಗ ನೀರಿನ ಆವಿ ಕೂಡೂ ಎಂಜಿನ್ ಇದು, ರಸ್ತೆದಾಗ ಓಡೂದಲ್ಲ.

ಮದಲ ಸರ್ವಿಸ್ 20 ತಾಸಿನ ಹೊತ್ತಿಗೆ, ಆಮ್ಯಾಲೆ 100 ತಾಸು ಇಲ್ಲಾ ವರ್ಷಕ್ಕೊಮ್ಮೆ, ಯಾವ್ದು ಮದಲೋ ಅದು. ನಿಖರ ಅಂಕಿ ನಿಮ್ಮ ಮಾಡೆಲ್ ಬುಕ್ಕಿನಾಗ ನೋಡ್ರಿ. ತಪಾಸಣಿ ಮಾಡಾಂವ ಮದಲ ಹುಡುಕೂದು ಆ 20 ತಾಸಿನ ಸೀಲ್. ಹೊಸ ಗೇರ್ ತಿಕ್ಕಿ ಬಂದ ಲೋಹದ ಪುಡಿ ಆಯಿಲಿನಾಗ ಇರ್ತೈತಿ, ಅದನ್ನ ಮದಲ ಸಲ ಹೊರಗ ಹಾಕದ 200 ತಾಸು ಓಡಿಸಿದ್ರ ಬೇರಿಂಗ್ ಹೋದದ್ದಕ್ಕ ಕಂಪನಿ ಯಾಕ ರೊಕ್ಕ ಕೊಡ್ತದ? ಸೀಲ್ ಇಲ್ಲಾಂದ್ರ ಆಯಿಲ್, ಫಿಲ್ಟರ್, ಇಂಪೆಲ್ಲರ್ (ಎಂಜಿನ್ ತಂಪು ಮಾಡೂ ನೀರಿನ ಪಂಪಿನ ರಬ್ಬರ್ ಚಕ್ರ) ಕಿಟ್ ಬಿಲ್ ಇಟ್ಕೋರಿ, ಬಿಲ್ ಮ್ಯಾಲೆ ತಾರೀಖು ಮತ್ತ ಮೀಟರ್ ತಾಸು ಬರಕೊಂಡಿರ್ರಿ. ಒಪ್ಪಿದ್ರೂ ಒಪ್ಪಬಹುದು. ಖಾತ್ರಿ ಹೇಳಾಕ ಬರಂಗಿಲ್ಲ.

ಮೀಟರ್ ಕಿತ್ತು ಹೊಸದು ಹಾಕಿದ್ರ ಅಂತ ಕೇಳ್ತೀರಿ. 40 ಎಚ್‌ಪಿ ಇಎಫ್‌ಐ (ಕಂಪ್ಯೂಟರ್ ಇಂಧನ ಬಿಡೂ) ಎಂಜಿನ್ನಿನಾಗ ಕಂಟ್ರೋಲ್ ಯೂನಿಟ್ ಒಳಗ ತಾಸು ಬ್ಯಾರೆ ಬರಕೊಂಡಿರ್ತೈತಿ. ಡೀಲರಿನ ಲ್ಯಾಪ್‌ಟಾಪ್ ಹಚ್ಚಿದ್ರ ಒಟ್ಟು ತಾಸು, ಯಾವ ಆರ್‌ಪಿಎಂದಾಗ ಎಷ್ಟು ತಾಸು ಓಡೈತಿ, ಬಿಸಿ ಆಗಿ ಅಲಾರ್ಮ್ ಹೊಡದೈತೋ, ಎಲ್ಲಾ ಬರ್ತೈತಿ. ರೆಸಾರ್ಟ್ ಎಂಜಿನ್ನಂದ್ರ ಐಡಲ್ ತಾಸು ಹೆಚ್ಚು, ಫುಲ್ ಥ್ರಾಟಲ್ ತಾಸೂ ಹೆಚ್ಚು ಇರೂದು ಸಹಜ, ನಡಕಿಂದು ಕಡಿಮಿ. ಆ ಪ್ರಿಂಟ್ ತಗೊಂಡ ಮ್ಯಾಲೆನ ರೇಟ್ ಮಾತಾಡ್ರಿ.

ಹಿಡಕಲ್_ಗಾಳ
ಪೆಟ್ರೋಲ್ ವಿಷಯ ಯಾರೂ ತಗೀವಲ್ರಿ. ಈಗ ಎಲ್ಲಾ ಪಂಪಿನಾಗೂ ಇ20, ಅಂದ್ರ 20% ಎಥನಾಲ್ ಕೂಡಿದ ಪೆಟ್ರೋಲ್. ಔಟ್‌ಬೋರ್ಡ್ ಬುಕ್ಕಿನಾಗ ಎಥನಾಲ್ 10% ಮ್ಯಾಲೆ ಬ್ಯಾಡ ಅಂತ ಅಚ್ಚಾಗಿರ್ತೈತಿ.

ಪಾನಾ_ಇಕ್ಕಳ
ಛಲೋ ನೆನಪಿಸಿದ್ರಿ. ಎಥನಾಲ್ ಗಾಳಿಯೊಳಗಿನ ಪಸಿ ಎಳಕೊಳ್ತೈತಿ. ಬೋಟಿನ ಟಾಕಿಗೆ ಗಾಳಿ ಕಿಂಡಿ ಇರ್ತೈತಿ, ಸುತ್ತ ನೀರು. ಒಂದು ಮಟ್ಟ ಮೀರಿದ ಮ್ಯಾಲೆ ನೀರು ಮತ್ತ ಎಥನಾಲ್ ಕೂಡಿ ಪೆಟ್ರೋಲಿನಿಂದ ಬ್ಯಾರೆ ಆಗಿ ತಳಕ್ಕ ಕೂಡ್ತಾವ, ಪಿಕಪ್ ಪೈಪ್ ಇರೂದೂ ತಳದಾಗ. ಇಂಜೆಕ್ಟರ್, ಪಂಪ್ ಹೋದ್ರ ಕಂಪನಿ ಇಂಧನ ದೋಷ ಅಂತ ಬರದು ವಾಪಸ್ ಕಳಸ್ತೈತಿ. 10 ಮೈಕ್ರಾನಿನ ನೀರು ಬ್ಯಾರೆ ಮಾಡೂ ಫಿಲ್ಟರ್ ಹಾಕಸ್ರಿ, ಕೆಳಗ ಪಾರದರ್ಶಕ ಬಟ್ಟಲ ಇರೂದು. ತಿಂಗಳಗಟ್ಟಲೆ ಟಾಕಿಯೊಳಗ ಪೆಟ್ರೋಲ್ ಇಟ್ಟು ಕೂಡ್ರಬ್ಯಾಡ್ರಿ. ವರ್ಗಾವಣಿ ಇ-ಮೇಲಿನಾಗನ ಇದನ್ನೂ ಕೇಳ್ರಿ: "ಈ ಮಾಡೆಲಿಗೆ ಇ20 ಬಳಸಿದರೆ ವಾರಂಟಿ ಉಳಿಯುತ್ತದೆಯೇ?" ಅಕ್ಷರದಾಗ ಉತ್ತರ ಇದ್ರ ನಾಳೆ ಅವರ ಬಾಯಿ ಕಟ್ಟತೈತಿ.

ಘಟಪ್ರಭಾ_ದಂಡಿ
ಸಮುದ್ರದ ಎಂಜಿನ್ ಸಿಹಿ ನೀರಿಗೆ ತಂದ್ರ ಏನರ ಬದಲಿ ಮಾಡಬೇಕೇನ್ರಿ?

ಕಡಲಕರೆ
ಆನೋಡ್, ಅಂದರೆ ಎಂಜಿನ್ನಿನ ಬದಲು ತಾನೇ ಸವೆಯುವ ಲೋಹದ ತುಂಡು. ಉಪ್ಪು ನೀರಿನಲ್ಲಿ ಹಾಕಿರುವ ಸತುವಿನ ಆನೋಡ್ ಸಿಹಿ ನೀರಿನಲ್ಲಿ ಮೇಲೊಂದು ಪದರ ಕಟ್ಟಿಕೊಂಡು ಕೆಲಸ ನಿಲ್ಲಿಸುತ್ತದೆ, ನೋಡಲಿಕ್ಕೆ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿಯೇ ಇರುತ್ತದೆ. ಸಿಹಿ ನೀರಿಗೆ ಮೆಗ್ನೀಷಿಯಂ, ಎರಡಕ್ಕೂ ಬೇಕಾದರೆ ಅಲ್ಯೂಮಿನಿಯಂ. ಮೇಲೆ ಪೇಂಟ್ ಹೊಡೆಯಬೇಡಿ. ಆನೋಡ್ ಬದಲಿಸದೆ ತುಕ್ಕು ಹಿಡಿದದ್ದು ವಾರಂಟಿಯಲ್ಲಿ ಬರುವುದಿಲ್ಲ.

ಗುಮ್ಮಟ_586101
ಮುಳುಗಿದ ಹಳ್ಳಿಗಳ ಮಾತೂ ಬರಲಿ. ಆಲಮಟ್ಟಿ 519.60 ಮೀಟರಿಗೆ ತುಂಬಿದಾಗ ಎಲ್ಲಾ ಸಪಾಟ ಕಾಣ್ತದ. ಬ್ಯಾಸಗ್ಯಾಗ ನೀರು ಇಳೀತಂದ್ರ ಹಳೇ ಗ್ವಾಡಿ, ಜಾಲಿ ಬೊಡ್ಡಿ ನೀರಿನ ತುಸು ಕೆಳಗ ಕೂತಿರ್ತಾವ. ಪ್ರೊಪೆಲ್ಲರ್ ಬಡೀತು, ಸ್ಕೆಗ್ (ಪ್ರೊಪೆಲ್ಲರ್ ಕೆಳಗಿನ ರೆಕ್ಕಿ) ಮುರೀತು ಅಂದ್ರ ಅದು ಅಪಘಾತ, ವಾರಂಟಿ ಅಲ್ಲ. ಅದಕ್ಕ ವಿಮಾ ಬೇಕು.

ಪಾನಾ_ಇಕ್ಕಳ
ಅದಕ್ಕಿಂತ ಸುಮ್ಮನ ಕೊಲ್ಲೂದು ಬಲಿ ದಾರ. ಹಿನ್ನೀರಿನಾಗ ನೈಲಾನ್ ಬಲಿ ಎಲ್ಲೆಲ್ಲೂ. ದಾರ ಪ್ರೊಪೆಲ್ಲರ್ ಹಿಂದ ಶಾಫ್ಟಿಗೆ ಸುತ್ತಿ, ಬಿಸಿಗೆ ಕರಗಿ, ನೀರು ತಡಿಯೂ ರಬ್ಬರ್ ಸೀಲಿನ ತುಟಿ ಕೊಯ್ದು ಒಳಗ ಕೂಡ್ತೈತಿ. ಹೊರಗ ಏನೂ ಕಾಣಂಗಿಲ್ಲ. ಗೇರ್ ಆಯಿಲಿನಾಗ ನೀರು ಸೇರಿ ಹಾಲಿನಂಗ ಬೆಳ್ಳಗ ಆಗ್ತೈತಿ, ಒಂದಿನ ಗೇರ್ ಹೋಗ್ತೈತಿ. ಬಿಚ್ಚಿದಾಗ ಆ ದಾರದ ತುಂಡು ಸಿಕ್ರ ಕ್ಲೇಮ್ ಅಲ್ಲೇ ಸತ್ತಂಗ. ತಿಂಗಳಿಗೊಮ್ಮೆ ಪ್ರೊಪೆಲ್ಲರ್ ಬಿಚ್ಚಿ ಶಾಫ್ಟ್ ನೋಡ್ರಿ. ಖರೀದಿ ಹೊತ್ತಿನಾಗೂ ಅಷ್ಟ: ಕೆಳಗಿನ ಡ್ರೈನ್ ಸ್ಕ್ರೂ ಸಡ್ಲ ಮಾಡಿ ಎರಡ ಹನಿ ಆಯಿಲ್ ಬಿಳೇ ಕಾಗದದ ಮ್ಯಾಲೆ ಬೀಳಸ್ರಿ. ಬೆಳ್ಳಗ ಇದ್ರ ಮದಲ ಅವರ ಖರ್ಚಿನಾಗ ಸೀಲ್ ಬದಲಿ ಆಗ್ಲಿ.

ನಿಡಗುಂದಿ_ಹುಡುಗ
ಲಾರಿಯಾಗ ತರೂದು ಹ್ಯಾಂಗ? ಎಂಜಿನ್ ಬಿಚ್ಚಿ ಅಡ್ಡ ಮಲಗಿಸಿದ್ರ ನಡೀತದೇನು?

ಕಡಲಕರೆ
ಫೋರ್ ಸ್ಟ್ರೋಕ್ 40 ಎಚ್‌ಪಿ ಸುಮಾರು 100 ಕೆಜಿ ತೂಗುತ್ತದೆ. ನಿಂತ ಸ್ಥಿತಿಯಲ್ಲೇ ಮರದ ಸ್ಟ್ಯಾಂಡಿಗೆ ಬೋಲ್ಟ್ ಮಾಡಿ ತನ್ನಿ. ತಪ್ಪು ಮಗ್ಗುಲಲ್ಲಿ ಮಲಗಿಸಿದರೆ ಆಯಿಲ್ ಸಿಲಿಂಡರಿಗೆ ಇಳಿಯುತ್ತದೆ, ಹಾಗೆಯೇ ಸ್ಟಾರ್ಟ್ ಹೊಡೆದರೆ ಕನೆಕ್ಟಿಂಗ್ ರಾಡ್ ಬಾಗಬಹುದು. ಬೋಟಿನ ಮೇಲೆಯೇ ಬಿಟ್ಟು ತರುವುದಾದರೆ ಎಂಜಿನ್ನನ್ನು ಮೇಲೆತ್ತಿ ನಿಲ್ಲಿಸುವ ಟಿಲ್ಟ್ ಲಾಕಿನ ಸಣ್ಣ ಕಡ್ಡಿಯ ಮೇಲೆ ಭಾರ ಬಿಡಬೇಡಿ. ಅದು ರಸ್ತೆಯ ಗುಂಡಿಗೆ ಅಲ್ಲ, ನಿಂತ ಬೋಟಿಗೆ ಮಾತ್ರ. ಅರಬೈಲ್ ಘಟ್ಟದ ತಿರುವುಗಳಲ್ಲಿ ಹಗ್ಗ ಎರಡು ಸಲ ಬಿಗಿ ಮಾಡಬೇಕಾದೀತು.

ಗುಮ್ಮಟ_586101
ಅಂಕೋಲಾದಿಂದ ಯಲ್ಲಾಪುರ, ಹುಬ್ಬಳ್ಳಿ, ನರಗುಂದ, ಕೆರೂರ, ಗದ್ದನಕೇರಿ ಕ್ರಾಸ್. ಒಂದ ಹೈವೇ, ರಾಷ್ಟ್ರೀಯ ಹೆದ್ದಾರಿ 52. ಇನ್ನಷ್ಟು ಮುಂದ ಬಂದ್ರ ಕೊಲ್ಹಾರ, ಗಡಿಗಿ ಮೊಸರು ತಿಂದು ಹೋಗ್ರಿ.

ಹಿಡಕಲ್_ಗಾಳ
ವಾರಂಟಿ ಮಾತಿನಾಗ ಮೊಸರು ಬಂತು ನೋಡ್ರಿ, ಇದು ವಿಜಾಪುರದವರ ಕೆಲಸ 😄

ಬೆಳಗಾವಿ_ಬಿಲ್‌ಬುಕ್
ಮೊಸರಿನ ಜೋಡಿ ಇದನ್ನೂ ಕಟ್ಟಿಕೊಳ್ರಿ: ನೋಂದಣಿ ಬದಲಿ ಬ್ಯಾರೆ, ವಾರಂಟಿ ಬದಲಿ ಬ್ಯಾರೆ. ಮಂದಿ ಕೂಡಿಸಿ ರೊಕ್ಕ ತಗೊಳ್ಳೂ ಬೋಟ್ ಆದ್ರ 2021 ರ ಒಳನಾಡು ಹಡಗುಗಳ ಕಾಯ್ದೆ ಪ್ರಕಾರ ನೋಂದಣಿ, ಸರ್ವೇ ಪ್ರಮಾಣಪತ್ರ, ವಿಮಾ ಎಲ್ಲಾ ಬೇಕು, ಮಾಲಕ ಬದಲಾದದ್ದನ್ನ ನೋಂದಣಿ ಪ್ರಾಧಿಕಾರಕ್ಕ ತಿಳಸಬೇಕು. ಅಲ್ಲಿ ನಿಮ್ಮ ಹೆಸರು ಬಂತಂತ ಎಂಜಿನ್ ಕಂಪನಿ ಪುಸ್ತಕದಾಗ ಹೆಸರು ಬರಂಗಿಲ್ಲ. ಉಲ್ಟಾನೂ ಅಷ್ಟ.

ಕಾನೂನು_ಕಟ್ಟಿ
ವರ್ಗಾವಣೆ ಒಪ್ಪಿ, ಆಮೇಲೆ ಕ್ಲೇಮ್ ತಿರಸ್ಕರಿಸಿದರೆ ಏನು ಮಾಡಬೇಕೆಂದು ಯಾರೂ ಬರೆದಿಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆ 2019 ರಲ್ಲಿ ವಾಣಿಜ್ಯ ಉದ್ದೇಶಕ್ಕೆ ಕೊಂಡವನು ಗ್ರಾಹಕನಲ್ಲ. ಆದರೆ ಸ್ವಂತ ಉದ್ಯೋಗದಿಂದ ಹೊಟ್ಟೆಪಾಡಿಗಾಗಿ ಮಾತ್ರ ಬಳಸುವವನು ಗ್ರಾಹಕನೇ. ರೆಸಾರ್ಟ್ ಹೊರಗೆ, ತಾನೇ ಬೋಟ್ ಓಡಿಸಿ ಮೀನು ಹಿಡಿಯುವವನು ಒಳಗೆ. ಗಮನಿಸಿ, ಇದು ಕಾನೂನಿನ ವ್ಯಾಖ್ಯಾನ. ಕಂಪನಿಯ ಪುಸ್ತಕದ "ವಾಣಿಜ್ಯ ಬಳಕೆ" ಬೇರೆ, ಅದರಲ್ಲಿ ಮೀನುಗಾರನೂ ಬರಬಹುದು. ಎರಡನ್ನೂ ಕಲಸಬೇಡಿ.

ಕಂಪನಿ ಮುಂಬೈಯಲ್ಲಿರಲಿ, ಚೆನ್ನೈಯಲ್ಲಿರಲಿ, ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 50 ಲಕ್ಷದವರೆಗೆ ಜಿಲ್ಲಾ ಆಯೋಗ, 5 ಲಕ್ಷದವರೆಗೆ ಶುಲ್ಕವಿಲ್ಲ, ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ. ಅದಕ್ಕೂ ಮೊದಲು 1915 ಗ್ರಾಹಕ ಸಹಾಯವಾಣಿಗೆ ದಾಖಲು ಮಾಡಿ. ನಿಮ್ಮ ಹೆಸರಿನ ದೃಢೀಕರಣ ಪತ್ರವಿಲ್ಲದಿದ್ದರೆ ಕಂಪನಿಯ ವಕೀಲರ ಮೊದಲ ವಾದ "ಇವರು ಯಾರು?" ಎಂಬುದೇ.

ಹಿನ್ನೀರು_ಬಾಗಲಕೋಟಿ
ಇ-ಮೇಲಿಗೆ ಉತ್ತರ ಬಂತ್ರಿ. ನೋಂದಣಿ ರೆಸಾರ್ಟ್ ಹೆಸರಿಗೆ, ವಾಣಿಜ್ಯ ಬಳಕಿ, 12 ತಿಂಗಳು, ಅವಧಿ ಮುಗದೈತಿ. ವರ್ಗಾವಣಿ ಇಲ್ಲ. ಒಂದು ರೀಕಾಲ್ ಬಾಕಿ ಐತಂತ, ಇಂಧನ ಪೈಪಿಂದು, ಅದನ್ನ ಪುಕ್ಕಟ ಮಾಡಿಕೊಡ್ತಾರಂತ. ಮಾರಾವ್ರಿಗೆ ಮೇಲ್ ತೋರಿಸಿದ್ರ "ನನಗೂ ಹಂಗ ಹೇಳಿ ಮಾರ್ಯಾರ" ಅಂದ್ರು. ಈಗ 15,000 ಇಳಸ್ತೀನಿ ಅಂತಾರ.

ನಿಡಗುಂದಿ_ಹುಡುಗ
15,000 ಇಳಿಸಿದ್ರ ಇನ್ನ 25,000 ಇಲ್ಲದ ವಾರಂಟಿದ್ದ ಅವರ ಕಿಸೆದಾಗ ಉಳೀತಲ್ರೀ. ಪೂರಾ 40,000 ಇಳಸಾಕ ಹೇಳ್ರಿ.

ಪಾನಾ_ಇಕ್ಕಳ
40,000 ಮದಲ ಇಳೀಲಿ, ಮಾತು ಅಲ್ಲಿಂದ ಶುರು ಆಗಬೇಕು. ರೀಕಾಲ್ ಕೆಲಸ ಅಲ್ಲಿಯ ವರ್ಕ್‌ಶಾಪಿನಾಗ ಮಾರಾವರ ಕಡೆಯಿಂದನ ಮಾಡಸ್ರಿ, ಜಾಬ್ ಕಾರ್ಡ್ ಪ್ರತಿ ಇಸ್ಕೋರಿ. ಅದ ಜಾಬ್ ಕಾರ್ಡಿನಾಗ ಲ್ಯಾಪ್‌ಟಾಪ್ ಪ್ರಿಂಟ್ ಮತ್ತ ಕಂಪ್ರೆಷನ್ ಪರೀಕ್ಷಾನೂ ಬರಸ್ರಿ. ಎಂಜಿನ್ ಬಿಸಿ ಇರಬೇಕು, ಎಲ್ಲಾ ಪ್ಲಗ್ ಬಿಚ್ಚಿರಬೇಕು, ಥ್ರಾಟಲ್ ಪೂರ್ತಿ ತೆರೆದಿರಬೇಕು. ಎಲ್ಲಾ ಸಿಲಿಂಡರಿನ ಅಂಕಿ ಒಂದಕ್ಕೊಂದು 10% ಒಳಗಿದ್ರ ಸರಿ. ಒಂದು ಬಿದ್ದಿದ್ರ ಆ ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿ ಮತ್ತ ನೋಡ್ರಿ. ಅಂಕಿ ಏರಿದ್ರ ರಿಂಗ್, ಏರದಿದ್ರ ವಾಲ್ವ್ ಇಲ್ಲಾ ಹೆಡ್ ಗ್ಯಾಸ್ಕೆಟ್.

ಹಿನ್ನೀರು_ಬಾಗಲಕೋಟಿ
ಇಂಪೆಲ್ಲರ್ ಬದಲಿ ಅವರ ಲೆಕ್ಕಕ್ಕ ಹಾಕಲೇನ್ರಿ?

ಪಾನಾ_ಇಕ್ಕಳ
ಹಾಕ್ರಿ. ಸಮುದ್ರ ದಂಡಿ ಉಸುಕು ತಿಂದ ಇಂಪೆಲ್ಲರ್ ಇರ್ತೈತಿ, ಮಳೆಗಾಲಕ್ಕ ಕೃಷ್ಣಾದ ರಾಡಿ ನೀರು ಬ್ಯಾರೆ. ಬರೇ ರಬ್ಬರ್ ಅಲ್ಲ, ವೇರ್ ಪ್ಲೇಟ್, ಗ್ಯಾಸ್ಕೆಟ್, ಕೀ ಎಲ್ಲಾ ಇರೋ ಕಿಟ್ ಹಾಕಸ್ರಿ, ಜೋಡಿ ಥರ್ಮೋಸ್ಟಾಟ್ ಬಿಚ್ಚಿ ಉಪ್ಪು ಕೂತೈತೇನ್ ನೋಡಿಸ್ರಿ.